ರಕ್ತದಲ್ಲಿ ಜಿಂಕ್ ನಾರ್ಮಲ್ ಅಂತ ರಿಪೋರ್ಟು, ಪಡ್ಡೆಗಳ ಚರ್ಮ ಮಾತ್ರ ಹುರುಪೆ ಏಳ್ತಿದೆ. ಎಷ್ಟು ಕೊಡಬೇಕು?

ತೋಟದಮನೆ_ತಿಪಟೂರು
ಎಲ್ಲರಿಗೂ ನಮಸ್ಕಾರ. ಕೊಟ್ಟಿಗೆಯಲ್ಲಿ ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ಪಡ್ಡೆಗಳಿವೆ, ಇನ್ನೂ ಕರು ಹಾಕದ ಕಡಸುಗಳು, ಹತ್ತು ಹನ್ನೊಂದು ತಿಂಗಳಿನವು. ಎರಡು ತಿಂಗಳಿಂದ ಕಣ್ಣಿನ ಸುತ್ತ, ಕಿವಿ ಹಿಂದೆ, ಕತ್ತಿನ ಮಡಿಕೆಯಲ್ಲಿ, ಹಿಂಗಾಲಿನ ಸಂದಿಯಲ್ಲಿ ಕೂದಲು ಉದುರಿ ಚರ್ಮ ದಪ್ಪ ಆಗ್ತಿದೆ. ಕೈಯಾಡಿಸಿದರೆ ಒಣಗಿದ ಮರದ ತೊಗಟೆ ಸವರಿದ ಹಾಗೆ, ಹುರುಪೆ ಉಗುರಿಗೆ ಬರುತ್ತೆ. ಕಜ್ಜಿ ಅಂದುಕೊಂಡು ಎರಡು ಸಲ ಐವರ್‌ಮೆಕ್ಟಿನ್ ಹಾಕಿಸಿದೆ. ಕೆರೆದು ನೋಡಿದಾಗ ಹುಳ ಇಲ್ಲ ಅಂದರು. ಜಿಂಕ್ ಕೊರತೆ ಇರಬಹುದು ಅಂತ ಡಾಕ್ಟ್ರು ಹೇಳಿದ ಮೇಲೆ ರಕ್ತ ಕಳಿಸಿದೆ. ರಿಪೋರ್ಟು 1.2, ನಾರ್ಮಲ್ ಅಂತ ಬಂತು.

ಮೇವು ರಾಗಿ ಹುಲ್ಲು, ಸ್ವಲ್ಪ ಹಸಿ ಮುಸುಕಿನ ಜೋಳ, ಗೋಧಿ ಬೂಸಾ. ಮಿನರಲ್ ಮಿಕ್ಸ್ಚರ್ ಹಾಲು ಕೊಡೋ ಹಸುಗಳಿಗೆ ಮಾತ್ರ ಕೊಡ್ತಿದ್ದೆ, ಪಡ್ಡೆಗಳಿಗೆ ಯಾಕೆ ಅಂತ ಬಿಟ್ಟಿದ್ದೆ.

ತೆಂಗಿಗೆ ತಂದಿದ್ದ ಜಿಂಕ್ ಸಲ್ಫೇಟ್ ಮನೇಲಿ ಮಿಕ್ಕಿತ್ತು. ದಿನಕ್ಕೊಂದು ಹಿಡಿ ಬೂಸಾದಲ್ಲಿ ಕಲಸಿ ಮೂರಕ್ಕೂ ಹಂಚ್ತಿದ್ದೀನಿ, ಎಂಟು ದಿನ ಆಯ್ತು. ಈಗ ಬೂಸಾನೂ ಅರ್ಧಕ್ಕೇ ಬಿಟ್ಟು ಹೋಗ್ತಿವೆ. ಹೆಚ್ಚು ಕೊಟ್ಟರೆ ಮೈಯಲ್ಲಿ ಶೇಖರಣೆ ಆಗಿ ಮುಂದಕ್ಕೆ ಉಪಯೋಗಕ್ಕೆ ಬರುತ್ತಾ? ಇನ್ನೂ ಎಷ್ಟು ದಿನ ಕೊಡಲಿ?

ಪಶುವೈದ್ಯೆ_ಹಾಸನ
ಇವತ್ತೇ ನಿಲ್ಲಿಸಿ. ಉಳಿದ ಮಾತು ಆಮೇಲೆ. ಒಂದು ಹಿಡಿ ಅಂದರೆ ಎಷ್ಟು ಗ್ರಾಂ, ತೂಗಿ ಹೇಳಿ.

ಕೋಲಾರದ_ಹಾಲು
ಭಯ ಪಡಿಸಬೇಡಿ ಮೇಡಂ. ಜಿಂಕ್ ಅಂಥ ವಿಷ ಏನಲ್ಲ. ಹೆಚ್ಚಾದ್ದನ್ನ ಮೈ ತಾನೇ ಸಗಣಿಯಲ್ಲಿ ಹೊರಗೆ ಹಾಕುತ್ತೆ. ನಾನೂ ಒಂದು ಚಮಚ ಕೊಟ್ಟಿದ್ದೀನಿ, ಏನೂ ಆಗಿಲ್ಲ.

ತೋಟದಮನೆ_ತಿಪಟೂರು
ಅಂಗಡಿ ತಕ್ಕಡಿಯಲ್ಲಿ ತೂಗಿದೆ. ನನ್ನ ಹಿಡಿ 60 ಗ್ರಾಂ. ಮೂರಕ್ಕೆ ಹಂಚಿದರೆ ತಲಾ 20.

ಪಶುವೈದ್ಯೆ_ಹಾಸನ
ಲೆಕ್ಕ ಹಾಕೋಣ. ಗೊಬ್ಬರದಂಗಡಿಯ ಸಾಮಾನ್ಯ ಜಿಂಕ್ ಸಲ್ಫೇಟ್‌ನಲ್ಲಿ ಜಿಂಕ್ ಸುಮಾರು 21%. ಅಂದರೆ 20 ಗ್ರಾಂನಲ್ಲಿ 4.2 ಗ್ರಾಂ ಜಿಂಕ್. ನಿಮ್ಮ ಪಡ್ಡೆ ದಿನಕ್ಕೆ ಒಣ ತೂಕದಲ್ಲಿ ಆರು ಕೆಜಿ ಮೇವು ತಿನ್ನುತ್ತೆ ಅಂತಿಟ್ಟುಕೊಂಡರೆ ಕೆಜಿಗೆ 700 ಮಿಲಿಗ್ರಾಂ, ಅಂದರೆ 700 ಪಿಪಿಎಂ. ದನ ತಡೆದುಕೊಳ್ಳೋ ಮಿತಿ ಅಂತ ಅಮೆರಿಕದ ಎನ್‌ಆರ್‌ಸಿ (ರಾಷ್ಟ್ರೀಯ ಸಂಶೋಧನಾ ಮಂಡಳಿ) 2005ರಲ್ಲಿ ಇಟ್ಟಿರೋದು 500.

ಈಗ ಬೇಕಾದ್ದು ಎಷ್ಟು ನೋಡಿ. 40ರಿಂದ 50 ಪಿಪಿಎಂ ಸಾಕು. ಆರು ಕೆಜಿಗೆ 270 ಮಿಲಿಗ್ರಾಂ ಅಂತ ಹಿಡಿಯಿರಿ. ನಿಮ್ಮ ಹುಲ್ಲು ಬೂಸಾ ಸೇರಿ ಸರಾಸರಿ 25 ಪಿಪಿಎಂ ಇದ್ದರೂ 150 ಅಲ್ಲಿಂದಲೇ ಬಂತು. ಕೊರತೆ 120 ಮಿಲಿಗ್ರಾಂ. ಅದಕ್ಕೆ ಬೇಕಾದ ಸಲ್ಫೇಟ್ ಅರ್ಧ ಗ್ರಾಂ ಚಿಲ್ಲರೆ. ನೀವು ಹಾಕಿದ್ದು 20 ಗ್ರಾಂ.

ಕಾಯಿಲೆ ಇಳಿಸೋಕೆ ಕೊಡೋ ಪ್ರಮಾಣ ಇದಕ್ಕಿಂತ ಜಾಸ್ತಿ ಇರುತ್ತೆ, ನಿಜ. ಅದನ್ನ ಪ್ರಾಣಿ ನೋಡಿದ ಡಾಕ್ಟ್ರೇ ಬರೀಬೇಕು. ಇನ್ನೊಂದು, ಗೊಬ್ಬರದ ದರ್ಜೆಯದರಲ್ಲಿ ಕ್ಯಾಡ್ಮಿಯಂ, ಸೀಸ ಇರಬಹುದು. ಅದು ಮಣ್ಣಿಗೆ ಮಾಡಿದ್ದು, ಬಾಯಿಗಲ್ಲ. ಕಹಿ ಬೇರೆ. ಬೂಸಾ ಬಿಡ್ತಿರೋದು ಅದಕ್ಕೇ.

ತೋಟದಮನೆ_ತಿಪಟೂರು
ನಿಲ್ಲಿಸಿದೆ ಮೇಡಂ. ಕಲಸಿಟ್ಟಿದ್ದ ಬೂಸಾನೂ ಗುಂಡಿಗೆ ಹಾಕಿದೆ. ಅರ್ಧ ಗ್ರಾಂ ಅಂತ ಓದಿ ಎದೆ ಝಲ್ ಅಂತು.

ರಸಾಯನ_ಬೆಂಚು
ರಿಪೋರ್ಟಿನ ಬಗ್ಗೆ ನನ್ನದೊಂದು ಪ್ರಶ್ನೆ. ರಕ್ತ ತೆಗೆದದ್ದು ಸಲ್ಫೇಟ್ ಶುರು ಮಾಡೋಕೆ ಮುಂಚೆಯೋ ಆಮೇಲೋ? ಟ್ಯೂಬಿನ ಮುಚ್ಚಳ ಮಾಮೂಲಿ ರಬ್ಬರಿನದಾ? ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿ, ಕೆಂಪಗಿತ್ತಾ?

ತೋಟದಮನೆ_ತಿಪಟೂರು
ಶುರು ಮಾಡಿದ ಎರಡನೇ ದಿನ ಸಂಜೆ. ಮುಚ್ಚಳ ಕೆಂಪು ರಬ್ಬರು. ಸೀರಮ್ ಗುಲಾಬಿ ಬಣ್ಣ ಇತ್ತು ಅಂತ ರಕ್ತ ತೆಗೆದ ಹುಡುಗ ಹೇಳಿದ್ದ.

ರಸಾಯನ_ಬೆಂಚು
ಹಾಗಾದರೆ ಆ 1.2 ಲೆಕ್ಕಕ್ಕೆ ಬರಲ್ಲ. ಮೂರೂ ಕಡೆಯಿಂದ ಕೆಟ್ಟಿದೆ. ರಬ್ಬರಿನಲ್ಲೇ ಜಿಂಕ್ ಇರುತ್ತೆ, ಟ್ಯೂಬ್ ಮಲಗಿಸಿದರೆ ಸಾಕು ರಕ್ತಕ್ಕೆ ಇಳಿಯುತ್ತೆ. ಕೆಂಪು ಕಣದಲ್ಲಿ ಪ್ಲಾಸ್ಮಾಗಿಂತ (ರಕ್ತದ ನೀರಿನಂಥ ಭಾಗ) ಎಷ್ಟೋ ಪಟ್ಟು ಜಿಂಕ್ ಇದೆ, ಕಣ ಒಡೆದರೆ (ಗುಲಾಬಿ ಬಣ್ಣ ಅದಕ್ಕೇ) ಅದೆಲ್ಲ ಸೀರಮ್‌ಗೆ ಬರುತ್ತೆ. ಮೂರನೇದು ದೊಡ್ಡದು: ಪ್ಲಾಸ್ಮಾ ಜಿಂಕ್ ಇವತ್ತು ತಿಂದದ್ದನ್ನ ಒಂದೆರಡು ದಿನದಲ್ಲೇ ತೋರಿಸುತ್ತೆ. ನಿಮ್ಮ ರಿಪೋರ್ಟಿನಲ್ಲಿ ಕಂಡದ್ದು ಎರಡು ತಿಂಗಳ ಕೊರತೆ ಅಲ್ಲ, ಹಿಂದಿನ ದಿನ ನೀವು ಹಾಕಿದ ಹಿಡಿ.

ಜಿಂಕ್ ಪರೀಕ್ಷೆಗೆ ಅಂತಲೇ ಗಾಢ ನೀಲಿ ಮುಚ್ಚಳದ ಟ್ಯೂಬ್ ಸಿಗುತ್ತೆ. ಕೇಳಿ ಪಡೆಯಿರಿ.

ಕೋಲಾರದ_ಹಾಲು
ರಕ್ತ ಬಿಡಿ. ಇಡೀ ಮೈಯಲ್ಲಿ ಇರುತ್ತಲ್ಲ ಜಿಂಕ್, ಮೂಳೆ, ಮಾಂಸ ಎಲ್ಲ ಕಡೆ? ಕಡಿಮೆ ಆದಾಗ ಅಲ್ಲಿಂದ ಬರೋದಿಲ್ವಾ? ಕ್ಯಾಲ್ಸಿಯಂ ಹಾಗೇ ತಾನೇ ಬರೋದು. ಅದಕ್ಕೇ ಅಂದುಕೊಂಡೆ, ತಿಪಟೂರಿನವರು ಕೇಳಿದ ಹಾಗೆ ಹೆಚ್ಚು ಕೊಟ್ಟದ್ದರಲ್ಲಿ ಸ್ವಲ್ಪ ಜಮಾನೂ ಆಗುತ್ತೆ ಅಂತ.

ಇಲಿಗೂಡು
ಇಲ್ಲಿ ಎಡವೋದು ಸುಲಭ, ಆದ್ದರಿಂದ ಸ್ವಲ್ಪ ಉದ್ದ ಬರೀತೀನಿ. ಎಂಟು ವರ್ಷ ಜಿಂಕ್ ಮೇಲೇ ಇಲಿಗಳ ಜೊತೆ ಕೆಲಸ ಮಾಡಿದವನು ನಾನು.

ಮೈಯ ಜಿಂಕ್‌ನಲ್ಲಿ ಹೆಚ್ಚುಕಡಿಮೆ 60% ಸ್ನಾಯುವಿನಲ್ಲಿ, 30% ಮೂಳೆಯಲ್ಲಿ. ರಕ್ತದ ಪ್ಲಾಸ್ಮಾದಲ್ಲಿ 1% ಕೂಡ ಇಲ್ಲ. ಕೇಳೋಕೆ ಸ್ನಾಯು ಅಂದರೆ ದೊಡ್ಡ ಕಣಜ ಅನ್ನಿಸುತ್ತೆ. ಆದರೆ ಆ ಕಣಜಕ್ಕೆ ಬೀಗ ಇದೆ. ಎಳೆ ಇಲಿಗೆ ಜಿಂಕ್ ಇಲ್ಲದ ಆಹಾರ ಹಾಕಿದ ಒಂದೇ ದಿನದಲ್ಲಿ ಪ್ಲಾಸ್ಮಾ ಜಿಂಕ್ ಬೀಳುತ್ತೆ. ಆಮೇಲೆ ಲಿವರ್, ಮೂಳೆಯದು ಇಳಿಯುತ್ತೆ. ಸ್ನಾಯು, ಮಿದುಳಿನದು ಹಾಗೇ ಇರುತ್ತೆ. ಅಂದರೆ ಇಲಿ ಸಾಯೋ ಸ್ಥಿತಿಗೆ ಬಂದರೂ ಮೈಯ ಬಹುಪಾಲು ಜಿಂಕ್ ಅಲುಗಿರಲ್ಲ. ಅದು ಪ್ರೋಟೀನುಗಳ ಒಳಗೆ ಹೆಣೆದುಕೊಂಡಿರುತ್ತೆ, ಸ್ನಾಯು ಕರಗಿದರೆ ಮಾತ್ರ ಈಚೆ ಬರುತ್ತೆ.

ಇಲಿ ಅದನ್ನೇ ಮಾಡುತ್ತೆ. ಮೂರರಿಂದ ಐದು ದಿನದಲ್ಲಿ ತಿನ್ನೋದು ನಿಲ್ಲಿಸುತ್ತೆ, ಸ್ನಾಯು ಕರಗುತ್ತೆ, ಜಿಂಕ್ ಬಿಡುಗಡೆ ಆಗುತ್ತೆ, ಮತ್ತೆ ಒಂದೆರಡು ದಿನ ತಿನ್ನುತ್ತೆ, ಮತ್ತೆ ಬಿಡುತ್ತೆ. ದಿನಾ ಬೆಳಿಗ್ಗೆ ಬಟ್ಟಲು ತೂಗಿ ಗ್ರಾಫ್ ಹಾಕಿದರೆ ಅಲೆ ಥರ ಏರಿಳಿತ ಕಾಣುತ್ತೆ. ಮೊದಲ ಸಲ ಅದನ್ನ ನೋಡಿದಾಗ ತಕ್ಕಡಿ ಕೆಟ್ಟಿದೆ ಅಂತಲೇ ಅಂದುಕೊಂಡಿದ್ದೆ. ಒತ್ತಾಯವಾಗಿ ತಿನ್ನಿಸಿದರೆ ಇನ್ನೂ ಬೇಗ ಹದಗೆಡುತ್ತೆ. ಈ ಕಾರಣಕ್ಕೇ ಜಿಂಕ್ ಪ್ರಯೋಗದಲ್ಲಿ ಇನ್ನೊಂದು ಗುಂಪು ಕಡ್ಡಾಯ: ಅವಕ್ಕೆ ಜಿಂಕ್ ಸರಿಯಾಗಿ ಇರುತ್ತೆ, ಆದರೆ ಕೊರತೆಯ ಇಲಿ ನಿನ್ನೆ ಎಷ್ಟು ತಿಂತೋ ಅಷ್ಟೇ ಊಟ. ಇಲ್ಲದಿದ್ದರೆ ಬೆಳವಣಿಗೆ ನಿಂತದ್ದು ಜಿಂಕ್ ಇಲ್ಲದ್ದಕ್ಕೋ ಹಸಿವಿಗೋ ಗೊತ್ತಾಗಲ್ಲ.

ಕೋಲಾರದ_ಹಾಲು
ಮೂಳೆಯದು ಇಳಿಯುತ್ತೆ ಅಂತ ನೀವೇ ಹೇಳಿದ್ರಿ. ಮತ್ತೆ ಅದು ಶೇಖರಣೆ ಅಲ್ದೆ ಇನ್ನೇನು?

ಇಲಿಗೂಡು
ಒಳ್ಳೆ ಪ್ರಶ್ನೆ. ಬೆಳೆಯೋ ಪ್ರಾಣಿಯಲ್ಲಿ ಹೊಸ ಮೂಳೆ ಕಡಿಮೆ ಜಿಂಕ್‌ನಿಂದ ಕಟ್ಟಿಕೊಳ್ಳುತ್ತೆ, ಅದರಿಂದಲೂ ಅಳತೆ ಇಳಿದ ಹಾಗೆ ಕಾಣುತ್ತೆ. ಹಳೇ ಮೂಳೆಯದು ಬರಬೇಕಾದರೆ ಮೂಳೆಯೇ ಕರಗಬೇಕು. 1972ರಲ್ಲಿ ಹರ್ಲಿ ಮತ್ತು ಟಾವೋ ಅನ್ನೋರು ಗಬ್ಬದ ಇಲಿಗಳಿಗೆ ಜಿಂಕ್ ಜೊತೆ ಕ್ಯಾಲ್ಸಿಯಂ ಕೂಡ ತಪ್ಪಿಸಿದರು. ಜಿಂಕ್ ಮಾತ್ರ ತಪ್ಪಿಸಿದ ಗುಂಪಿಗಿಂತ ಇದರಲ್ಲಿ ಮರಿಗಳ ಅಂಗವಿಕಲತೆ ಕಡಿಮೆ ಇತ್ತು. ಕ್ಯಾಲ್ಸಿಯಂಗೋಸ್ಕರ ತಾಯಿ ಮೂಳೆ ಕರಗಿಸಿಕೊಂಡಳು, ಜೊತೆಗೆ ಜಿಂಕ್ ಬಂತು. ಜಿಂಕ್ ಬೇಕು ಅಂತ ಮೈ ಮೂಳೆ ಕರಗಿಸಲ್ಲ.

ಕೋಲಾರದ_ಹಾಲು
ಇದು ಗೊತ್ತಿರಲಿಲ್ಲ. ಒಪ್ಪಿದೆ.

ಅಂಕೋಲಾ_ಪಶು
ಇಲಿಗೂಡು ಅವರೇ, ಇಲಿಗಳಿಗೆ ಪಂಜರ ಯಾವುದು ಇಡ್ತಿದ್ರಿ? ಓದುವಾಗ ನಮಗೆ ತವರದ ಲೇಪದ ಪಂಜರ ಬೇಡ ಅಂದಿದ್ದರು.

ಇಲಿಗೂಡು
ಪ್ಲಾಸ್ಟಿಕ್ ಮತ್ತು ಸ್ಟೀಲು. ನಿಮಗೆ ಹೇಳಿದ್ದು ತವರ ಅಲ್ಲ, ಜಿಂಕ್ ಲೇಪ ಇರಬೇಕು, ಜಿಐ ತಂತಿ ಅಂತೀವಲ್ಲ ಅದು. ಇಲಿ ಅದನ್ನ ನೆಕ್ಕಿ ನೆಕ್ಕಿಯೇ ಕೊರತೆ ನೀಗಿಸಿಕೊಳ್ಳುತ್ತೆ. ಕುಡಿಯೋ ನೀರು, ಬಾಟಲಿ ಮುಚ್ಚಳ ಎಲ್ಲದರ ಮೇಲೂ ಕಣ್ಣಿಡಬೇಕು.

ಗಿಳಿಮನೆ
ಹೊಸ ಜಿಐ ತಂತಿ ಕಚ್ಚಿ ನನ್ನ ಎರಡು ಗಿಣಿ ಸತ್ತಿವೆ. ಪಂಜರದಲ್ಲಿ ಹಕ್ಕಿ ಸಾಕುವವರು ದಯವಿಟ್ಟು ಗಮನಿಸಿ.

ಕುರಿಹಟ್ಟಿ_ಕೊಪ್ಪಳ
ನಮಸ್ಕಾರ್ರೀ. ನಮ್ಮ ಕಡೆ ಕುರಿ ಮರಿ ಒಂದರ ಮೈಯಾಗಿನ ಉಣ್ಣಿ ಕೂದಲ ಇನ್ನೊಂದು ಕಿತ್ತು ತಿಂತಾವ್ರೀ. ಇದೂ ಜಿಂಕ್ ಏನ್ರೀ? ಮತ್ತ ನನ್ನ ಒಂದು ಟಗರು ನೋಡಾಕ ಭಾಳ ಚಂದ, ತೂಕನೂ ಛಲೋ, ಆದ್ರ ಕುರಿ ಗಬ್ಬ ನಿಲ್ಲವಲ್ವು.

ಪಶುವೈದ್ಯೆ_ಹಾಸನ
ಉಣ್ಣೆ ತಿನ್ನೋದಕ್ಕೆ ಕಾರಣ ಹಲವು, ಜಿಂಕ್ ಕೊರತೆಯೂ ಅದರಲ್ಲಿ ಒಂದು. ಟಗರಿನ ವಿಷಯ ಮಾತ್ರ ಮುಖ್ಯ. 1969ರಲ್ಲಿ ಆಸ್ಟ್ರೇಲಿಯಾದ ಅಂಡರ್‌ವುಡ್ ಮತ್ತು ಸೋಮರ್ಸ್ ಎಳೆ ಟಗರುಗಳ ಮೇಲೆ ನೋಡಿದ್ದು ಇದನ್ನೇ. ಆಹಾರದಲ್ಲಿ 17 ಪಿಪಿಎಂ ಇದ್ದಾಗ ಮೈ ಚೆನ್ನಾಗಿಯೇ ಬೆಳೀತು, ಆದರೆ ಬೀಜ ಸರಿಯಾಗಿ ಬೆಳೆದು ವೀರ್ಯ ಆಗೋಕೆ 32 ಬೇಕಾಯ್ತು. ತೂಕ ನೋಡಿ ಎಲ್ಲಾ ಸರಿ ಇದೆ ಅನ್ನೋಕೆ ಬರಲ್ಲ. ಒಂದೊಂದು ಅಂಗ ಒಂದೊಂದು ಮಟ್ಟದಲ್ಲಿ ಸೋಲುತ್ತೆ. ಆದರೆ ಟಗರು ಸೋಲೋದಕ್ಕೆ ಬ್ರೂಸೆಲ್ಲಾ ರೋಗಾಣು ಥರದ ಬೇರೆ ಕಾರಣ ಇದ್ದಾವು, ಮೊದಲು ತೋರಿಸಿ. ನೀವಾಗಿಯೇ ಜಿಂಕ್ ಹಾಕೋಕೆ ಹೋಗಬೇಡಿ, ಕುರಿ ತಡೆಯೋ ಮಿತಿ ದನಕ್ಕಿಂತ ಕಡಿಮೆ, 300 ಪಿಪಿಎಂ. ಗಬ್ಬದ ಕುರಿಗಳಿಗೆ 750 ಪಿಪಿಎಂ ಹಾಕಿದ ಪ್ರಯೋಗದಲ್ಲಿ ತಾಮ್ರದ ಕೊರತೆ ಬಂತು, ಮರಿಗಳೂ ಬಹಳಷ್ಟು ಉಳಿಯಲಿಲ್ಲ.

ಕುರಿಹಟ್ಟಿ_ಕೊಪ್ಪಳ
ಜಿಂಕ್ ಹಾಕಿದ್ರ ತಾಮ್ರ ಯಾಕ ಕಡಿಮಿ ಆಗತೈತ್ರೀ?

ಇಲಿಗೂಡು
ಕರುಳಿನ ಗೋಡೆಯ ಜೀವಕೋಶದಲ್ಲಿ ಮೆಟಲೋಥಯೋನಿನ್ ಅಂತ ಪ್ರೋಟೀನ್ ಇದೆ. 1957ರಲ್ಲಿ ಕುದುರೆಯ ಮೂತ್ರಪಿಂಡದಲ್ಲಿ ಮಾರ್ಗೋಶಸ್ ಮತ್ತು ವ್ಯಾಲಿ ಮೊದಲು ಕಂಡದ್ದು. ಜಿಂಕ್ ಹೆಚ್ಚಾಗಿ ಒಳಗೆ ಬಂದ ಹಾಗೆಲ್ಲ ಜೀವಕೋಶ ಈ ಪ್ರೋಟೀನನ್ನ ಜಾಸ್ತಿ ಮಾಡುತ್ತೆ, ಬಂದದ್ದನ್ನ ಹಿಡಿದಿಟ್ಟುಕೊಳ್ಳೋಕೆ. ಆದರೆ ತಾಮ್ರ ಅದಕ್ಕೆ ಜಿಂಕ್‌ಗಿಂತ ಗಟ್ಟಿಯಾಗಿ ಅಂಟುತ್ತೆ. ಆ ಜೀವಕೋಶದ ಆಯಸ್ಸೇ ಕೆಲವು ದಿನ. ಉದುರಿ ಸಗಣಿ ಸೇರುವಾಗ ಅಂಟಿದ ತಾಮ್ರವನ್ನೂ ಹೊತ್ತುಕೊಂಡು ಹೋಗುತ್ತೆ. ಮನುಷ್ಯರಲ್ಲಿ ಲಿವರ್‌ಗೆ ತಾಮ್ರ ಸೇರೋ ವಿಲ್ಸನ್ ಕಾಯಿಲೆಗೆ ಜಿಂಕನ್ನೇ ಔಷಧಿಯಾಗಿ ಕೊಡೋದು ಇದೇ ದಾರಿಯಿಂದ.

ಇನ್ನು ಕಡಿಮೆ ಇದ್ದಾಗ ತಿರುಗಾಮುರುಗಾ. ಅದೇ ಕರುಳಿನ ಗೋಡೆಯಲ್ಲಿ ಝಿಪ್-4 ಅನ್ನೋ ಬಾಗಿಲುಗಳು ಹೆಚ್ಚಾಗ್ತವೆ, ಬಂದದ್ದರಲ್ಲಿ ಹೆಚ್ಚು ಪಾಲು ಎಳೆದುಕೊಳ್ತವೆ. ಮೇದೋಜೀರಕದ ರಸದ ಜೊತೆ ಕರುಳಿಗೆ ಸುರಿದುಹೋಗೋ ಜಿಂಕ್ ಕೂಡ ಇಳಿಯುತ್ತೆ. ಕೋಲಾರದವರು ಹೇಳಿದ್ದು ಅರ್ಧ ನಿಜ: ಮೈ ಹೊರಗೆ ಹಾಕುತ್ತೆ, ಅದಕ್ಕೊಂದು ಮಟ್ಟ ಇದೆ. ಅಮೆರಿಕದ ಜಾರ್ಜಿಯಾದಲ್ಲಿ ಮಿಲ್ಲರ್ ಅವರ ತಂಡ 1970ರ ದಶಕದಲ್ಲಿ ಕರುಗಳಿಗೆ 600 ಪಿಪಿಎಂ ಹಾಕಿ ನೋಡಿತ್ತು. ಲಿವರ್, ಮೂತ್ರಪಿಂಡ, ಮೇದೋಜೀರಕದಲ್ಲಿ ಜಿಂಕ್ ಎಷ್ಟೋ ಪಟ್ಟು ಏರಿತು. ಸ್ನಾಯುವಿನಲ್ಲಿ, ಹೃದಯದಲ್ಲಿ ಬದಲಾವಣೆ ಇಲ್ಲವೆಂಬಷ್ಟು. ಕೊರತೆಯಲ್ಲಿ ಕೊಡದ ಸ್ನಾಯು, ಹೆಚ್ಚಾದಾಗ ತಗೊಳ್ಳೋದೂ ಇಲ್ಲ.

ಅಂಕೋಲಾ_ಪಶು
ತಿಪಟೂರಿನವರೇ, ಕಪ್ಪು ಪಡ್ಡೆಯ ಕೂದಲು ಎಲ್ಲಾದರೂ ಕೆಂಚಗೆ ತಿರುಗಿದೆಯಾ? ಕಣ್ಣಿನ ಸುತ್ತ ಕನ್ನಡಕ ಹಾಕಿದ ಹಾಗೆ?

ತೋಟದಮನೆ_ತಿಪಟೂರು
ಬಿಸಿಲಲ್ಲಿ ಕಟ್ಟಿ ನೋಡಿದೆ. ಕೂದಲು ಎಲ್ಲಿ ಇದೆಯೋ ಅಲ್ಲಿ ಕಪ್ಪಾಗೇ ಇದೆ.

ಅಂಕೋಲಾ_ಪಶು
ಸಮಾಧಾನ. ಕೆಂಚಗಾಗೋದು ತಾಮ್ರ ಕಡಿಮೆಯಾದ ಲಕ್ಷಣ. ಎಂಟೇ ದಿನ ಆಗಿರೋದರಿಂದ ಅಷ್ಟು ದೂರ ಹೋಗಿರಲಿಕ್ಕಿಲ್ಲ.

ಕಾಫಿಸೀಮೆ_ಹಂದಿ
ಹಂದಿ ಸಾಕೋರಿಗೆ ಇದು ಹಳೇ ಕಥೆ. ಇದೇ ಹುರುಪೆ ನಮ್ಮ ಮರಿಗಳಿಗೆ ಬಂದಿತ್ತು. 1955ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಟಕ್ಕರ್ ಮತ್ತು ಸಾಲ್ಮನ್ ಅನ್ನೋರು ಹಂದಿಯ ಪ್ಯಾರಾಕೆರಟೋಸಿಸ್, ಅಂದರೆ ಚರ್ಮ ದಪ್ಪವಾಗಿ ಹುರುಪೆ ಏಳೋ ಈ ಕಾಯಿಲೆ, ಜಿಂಕ್‌ನಿಂದ ವಾಸಿಯಾಗುತ್ತೆ ಅಂತ ತೋರಿಸಿದ್ದು. ಸೋಯಾ, ಜೋಳದಲ್ಲಿ ಜಿಂಕನ್ನ ಕಟ್ಟಿಹಾಕೋ ಫೈಟೇಟ್ ಅನ್ನೋ ಪದಾರ್ಥ ಇರುತ್ತೆ, ಮೇಲೆ ಸುಣ್ಣದಕಲ್ಲಿನ ಪುಡಿ ಜಾಸ್ತಿ ಬಿದ್ದರೆ ಜಿಂಕ್ ಗಟ್ಟಿಯಾಗಿ ಕಟ್ಟಿಕೊಂಡು ಹೊರಗೇ ಹೋಗುತ್ತೆ. ಚೀಲದ ಮೇಲೆ ಜಿಂಕ್ ಸರಿಯಾಗೇ ಬರೆದಿತ್ತು, ನಾನು ಎಲುಬು ಗಟ್ಟಿ ಆಗಲಿ ಅಂತ ಕ್ಯಾಲ್ಸಿಯಂ ಸುರಿದಿದ್ದೆ. ತಿಪಟೂರಿನವರೇ, ಕ್ಯಾಲ್ಸಿಯಂ ಬಾಟಲಿ ಕೊಡ್ತಿದ್ದೀರಾ? ಬೂಸಾದಲ್ಲಿ ಫೈಟೇಟ್ ವಿಪರೀತ. ಅದನ್ನೇ ನಿಲ್ಲಿಸಬೇಕು.

ಪಶುವೈದ್ಯೆ_ಹಾಸನ
ಇಲ್ಲಿ ನಿಮ್ಮ ಮಾತು ಒಪ್ಪಲ್ಲ. ಹಂದಿ, ಕೋಳಿಗೆ ಸರಿ, ಅದಕ್ಕೇ ಅವುಗಳ ಆಹಾರಕ್ಕೆ ಫೈಟೇಟ್ ಒಡೆಯೋ ಫೈಟೇಸ್ ಕಿಣ್ವ ಸೇರಿಸೋದು. ಮೆಲುಕು ಹಾಕೋ ಪ್ರಾಣಿಯ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳೇ ಫೈಟೇಟ್ ಒಡೀತವೆ. ಬೂಸಾ ನಿಲ್ಲಿಸಿದರೆ ಇವರಿಗೆ ನಷ್ಟ, ಮೇವಿನಲ್ಲಿ ಜಿಂಕ್ ಚೆನ್ನಾಗಿರೋದೇ ಅದು. ಅರ್ಧ ಕೆಜಿ ಗೋಧಿ ಬೂಸಾದಲ್ಲಿ 40 ಮಿಲಿಗ್ರಾಂ ಆದರೂ ಸಿಗುತ್ತೆ. ಬಡವಾಗಿರೋದು ಹುಲ್ಲು.

ಕಾಫಿಸೀಮೆ_ಹಂದಿ
ಸರಿ, ದನದ ಲೆಕ್ಕ ಬೇರೆ ಅಂತ ಒಪ್ಪಿದೆ. ಇನ್ನೊಂದು ಹೇಳಿ, ತಾಯಿ ಬಿಡಿಸಿದ ಹಂದಿಮರಿಗೆ ಭೇದಿ ತಡೆಯೋಕೆ 2500ರಿಂದ 3000 ಪಿಪಿಎಂ ಜಿಂಕ್ ಆಕ್ಸೈಡ್ ಹಾಕ್ತಾರಲ್ಲ? ಅಷ್ಟು ಜಿಂಕನ್ನ ಮರಿಗಳು ಹೇಗೆ ತಾಳಿಕೊಳ್ತವೆ?

ಇಲಿಗೂಡು
ಆಕ್ಸೈಡ್ ಸಲ್ಫೇಟ್‌ನಷ್ಟು ಮೈಗೆ ಹತ್ತಲ್ಲ, ಎರಡು ವಾರ ಮಾತ್ರ ಕೊಡ್ತಾರೆ, ಕೆಲಸ ಕರುಳಿನಲ್ಲೇ. ಬಹುಪಾಲು ಸಗಣಿಯಲ್ಲಿ ಹೋಗಿ ಹೊಲದ ಮಣ್ಣಿನಲ್ಲಿ ಕೂರುತ್ತೆ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾನೂ ಹೆಚ್ಚುತ್ತೆ ಅಂತ ಯುರೋಪಿನ ಒಕ್ಕೂಟ 2022ರ ಜೂನ್‌ನಿಂದ ನಿಲ್ಲಿಸಿತು.

ವೈಕಾಟೋ_ಕನ್ನಡಿಗ
ನ್ಯೂಜಿಲೆಂಡಿನ ಡೈರಿಯಲ್ಲಿ ಕೆಲಸ ನನ್ನದು. ಇಲ್ಲಿ ಬೇಸಿಗೆ ಕೊನೆಗೆ ಒಣಗಿದ ಹುಲ್ಲಿನ ಬುಡದಲ್ಲಿ ಒಂದು ಬೂಷ್ಟು ಬೆಳೆಯುತ್ತೆ, ಅದರ ಸ್ಪೋರಿಡೆಸ್ಮಿನ್ ವಿಷದಿಂದ ಲಿವರ್ ಕೆಟ್ಟು ದನದ ಚರ್ಮ ಬಿಸಿಲಿಗೆ ಸುಟ್ಟು ಸುಲಿಯುತ್ತೆ. ಅದಕ್ಕೆ ತಡೆ ಅಂತ ಬೇಕೆಂದೇ ಹೆಚ್ಚು ಜಿಂಕ್ ಕೊಡ್ತೀವಿ, ಮೈತೂಕದ ಕೆಜಿಗೆ ದಿನಕ್ಕೆ 20 ಮಿಲಿಗ್ರಾಂ. ಆ ವಿಷ ಕೆಲಸ ಮಾಡೋಕೆ ತಾಮ್ರ ಬೇಕು, ಜಿಂಕ್ ಅದಕ್ಕೆ ಅಡ್ಡ ನಿಲ್ಲುತ್ತೆ. ಆದರೆ ಪ್ರತಿ ಮಂದೆಯ ತೂಕ ಬರೆದು, ರಕ್ತ ತೆಗೆಸಿ, ಹುಲ್ಲಿನಲ್ಲಿ ಆ ಬೂಷ್ಟಿನ ಬೀಜಕಣದ ಎಣಿಕೆ ಇಳಿದ ಕೂಡಲೇ ನಿಲ್ಲಿಸ್ತೀವಿ. ಅಳತೆ ಇಲ್ಲದೆ ಒಂದು ದಿನವೂ ಇಲ್ಲ.

ಎಚ್‌ಎಫ್_ಪ್ರೇಮಿ
ಫ್ರೀಸಿಯನ್ ತಳಿಯಲ್ಲಿ ಹುಟ್ಟಿನಿಂದಲೇ ಜಿಂಕ್ ಹೀರಿಕೊಳ್ಳದ ಕಾಯಿಲೆ ಇದೆ ಅಂತ ಓದಿದ್ದೆ. ಇವರದು ಅದೇ ಇರಬಹುದಾ?

ಪಶುವೈದ್ಯೆ_ಹಾಸನ
ಇದೆ. ಆದರೆ ಅದು ಒಂದೆರಡು ತಿಂಗಳ ಕರುವಿನಲ್ಲೇ ಕಾಣುತ್ತೆ, ಜಿಂಕ್ ಕೊಡದಿದ್ದರೆ ಉಳಿಯೋದೇ ಇಲ್ಲ. ಹತ್ತು ತಿಂಗಳು ಚೆನ್ನಾಗಿದ್ದ ಮೂರೂ ಪಡ್ಡೆಗೆ ಒಟ್ಟಿಗೇ ಬಂದಿದೆ ಅಂದರೆ ಮೇವಿನ ಕಡೆಯೇ ನೋಡಬೇಕು.

ಹೊಲದಪ್ಪ
ಮಣ್ಣೂ ನೋಡಿ. ಭತ್ತದ ಖೈರಾ ರೋಗಕ್ಕೆ ಜಿಂಕ್ ಇಲ್ಲದ್ದೇ ಕಾರಣ ಅಂತ ಉತ್ತರ ಭಾರತದ ಪಂತನಗರದಲ್ಲಿ ನೇನೆ ಅನ್ನೋ ವಿಜ್ಞಾನಿ 1966ರಲ್ಲೇ ತೋರಿಸಿದ್ದರು. ಮಣ್ಣಲ್ಲಿ ಇಲ್ಲದ್ದು ಹುಲ್ಲಿಗೆ ಎಲ್ಲಿಂದ ಬರಬೇಕು? ಆ ಮಿಕ್ಕ ಸಲ್ಫೇಟ್ ತೆಂಗಿಗೇ ಹಾಕಿ.

ಅಂಕೋಲಾ_ಪಶು
ಬೆಂಗಳೂರಿನ ಆಡುಗೋಡಿಯಲ್ಲಿರೋ ರಾಷ್ಟ್ರೀಯ ಪಶು ಪೋಷಣಾ ಸಂಸ್ಥೆಯವರು ಪ್ರದೇಶಕ್ಕೆ ತಕ್ಕ ಖನಿಜ ಮಿಶ್ರಣ ರೂಪಿಸಿದ್ದಾರೆ, ಒಂದೊಂದು ಕಡೆಯ ಮೇವಲ್ಲಿ ಏನಿಲ್ಲವೋ ಅದನ್ನ ನೋಡಿ. ತಾಮ್ರ, ಜಿಂಕ್ ಎರಡೂ ಅಳತೆಯಲ್ಲಿ ಇರುತ್ತೆ. ದಿನಾ ಕೊಡಬೇಕು ಅಷ್ಟೇ. ತಿಂಗಳಿಗೊಂದು ಸಲ ಒಟ್ಟಿಗೆ ಸುರಿದರೆ ಪ್ರಯೋಜನ ಇಲ್ಲ ಮಾರಾಯ್ರೆ, ಇಡೋಕೆ ಮೈಯಲ್ಲಿ ಜಾಗ ಇಲ್ಲ ಅಂತ ಮೇಲೆ ಓದಿದ್ರಲ್ಲ.

ತೋಟದಮನೆ_ತಿಪಟೂರು
ಇಪ್ಪತ್ನಾಲ್ಕು ದಿನದ ಮೇಲೆ ಬರೀತಿದ್ದೀನಿ. ಸಲ್ಫೇಟ್ ನಿಲ್ಲಿಸಿದ ಮೂರನೇ ದಿನಕ್ಕೆ ಬೂಸಾ ಪೂರ್ತಿ ತಿಂದವು. ಒಂದು ವಾರ ಬಿಟ್ಟು ನೀಲಿ ಮುಚ್ಚಳದ ಟ್ಯೂಬಲ್ಲಿ ಮತ್ತೆ ರಕ್ತ ಕಳಿಸಿ, ನಮ್ಮ ಡಾಕ್ಟ್ರು ಬರೆದಷ್ಟೇ ಜಿಂಕ್ ಹತ್ತು ದಿನ ಕೊಟ್ಟೆ. ಈಗ ಮಿನರಲ್ ಮಿಕ್ಸ್ಚರ್ ಮೂರಕ್ಕೂ ದಿನಾ ತೂಗಿ ಹಾಕ್ತಿದ್ದೀನಿ. ದೊಡ್ಡ ಪಡ್ಡೆಯ ಕತ್ತಿನ ಹುರುಪೆ ಹಲ್ಲೆ ಹಲ್ಲೆಯಾಗಿ ಬಿಟ್ಟುಕೊಂಡು, ಕೆಳಗೆ ತೆಳ್ಳಗೆ ಗುಲಾಬಿ ಚರ್ಮ ಕಾಣ್ತಿದೆ. ಬೆಳಿಗ್ಗೆ ಬೆರಳಾಡಿಸಿದೆ, ಸಣ್ಣಗೆ ಮುಳ್ಳು ಮುಳ್ಳಾಗಿ ಹೊಸ ಕೂದಲು. ಚಿಕ್ಕದರ ಕಣ್ಣಿನ ಸುತ್ತ ಇನ್ನೂ ಹಾಗೇ ಇದೆ.

ಪಶುವೈದ್ಯೆ_ಹಾಸನ
ಖುಷಿ ಆಯ್ತು. ಚಿಕ್ಕದು ಇನ್ನೆರಡು ವಾರದಲ್ಲಿ ತಿರುಗದಿದ್ದರೆ ಮತ್ತೆ ಕೆರೆದು ನೋಡಿಸಿ, ಹುಳ ಸಿಗದೇ ಹೋಗಿರಬಹುದು.

ಕುರಿಹಟ್ಟಿ_ಕೊಪ್ಪಳ
ಅಣ್ಣಾ, ಗ್ರಾಂ ತೂಗೋ ತಕ್ಕಡಿ ಎಷ್ಟಕ್ಕ ಬಂತ್ರೀ? ನಾನೂ ಒಂದ್ ತರಸ್ಬೇಕು.